ಗೇಜಿನ ಮೇಲಿನ ಗೆರೆ

ತನಗೆ ‘ನೊರೆಯಪ್ಪ’ ಎಂದು ಹೆಸರಿಟ್ಟ ಅಕ್ಕನ ಗಂಡನನ್ನು ಅವನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ಇರಾದೆಯೂ ಇಲ್ಲ. ತಾಮ್ರದ ಪೈಪಿನ ಒಂದೊಂದು ಬೆಸುಗೆಗೂ ಸೋಪುನೀರು ಬಳಿದು, ಗುಳ್ಳೆ ಏಳುತ್ತದೆಯೇ ಎಂದು ಕಣ್ಣು ನೆಟ್ಟು ಕೂರುವುದು ಅವನ ಕೆಲಸದ ರೀತಿ. ಗುಳ್ಳೆ ಎದ್ದರೆ ಅಲ್ಲಿ ಸೋರುತ್ತಿದೆ ಎಂದೇ ಅರ್ಥ. ಅಂಥವನನ್ನು ಭಾವ ಹತ್ತು ಜನರ ಎದುರು ಕರೆಯುತ್ತಿದ್ದದ್ದು ಹೀಗೆ: “ಏನಪ್ಪಾ ನೊರೆಯಪ್ಪ, ಇವತ್ತು ಯಾವ ಪೈಪಿಗೆ ತಲೆಸ್ನಾನ?”

ಭಾವ ಹಣ್ಣು-ತರಕಾರಿ ಕೆಡದಂತೆ ತಂಪಾಗಿಡುವ ಕೋಲ್ಡ್ ರೂಮ್ ಕಟ್ಟಿಕೊಡುವ ಗುತ್ತಿಗೆದಾರ. ಮಾತಿನಲ್ಲಿ ಅರಮನೆ, ಕೆಲಸದಲ್ಲಿ ಗುಡಿಸಲು. ದಪ್ಪ ಪೈಪು ತೋರಿಸಿ ತೆಳ್ಳನೆಯದು ಜೋಡಿಸುತ್ತಿದ್ದ. ಗೋಡೆಯ ಪ್ಯಾನೆಲ್‌ಗಳ ಸಂದಿಗೆ ಮೂರು ಟ್ಯೂಬು ಅಂಟು ಹಾಕಬೇಕಾದಲ್ಲಿ ಒಂದನ್ನೇ ಸವರಿ ಮುಗಿಸುತ್ತಿದ್ದ. ಬೆಸುಗೆ ಮಾತ್ರ ನೊರೆಯಪ್ಪನ ಕೈಯಲ್ಲಿತ್ತು. ಭಾವನಿಗಿದ್ದ ಅಷ್ಟಿಷ್ಟು ಹೆಸರೂ ಆ ಕೈಯಿಂದಲೇ.

ಒಂದು ಸಲ ಅಣಬೆ ಬೆಳೆಯುವ ಹೆಂಗಸೊಬ್ಬಳ ಶೆಡ್ಡಿನಲ್ಲಿ ಕೆಲಸ ಬಿತ್ತು. ಎಲ್ಲರೂ ಆಕೆಯನ್ನು ಅಣಬೆಯಮ್ಮ ಎನ್ನುತ್ತಿದ್ದರು. ಐವತ್ತು ದಾಟಿದ, ಹೆಚ್ಚು ಮಾತಿಲ್ಲದ ಹೆಂಗಸು. ದೊಡ್ಡ ಹೋಟೆಲುಗಳಿಗೆ ಅಣಬೆ ಕೊಡುವ ಕರಾರು ಮೊದಲ ಬಾರಿಗೆ ಕೈಗೆ ಬಂದಿತ್ತು. ಅಣಬೆಗೆ ಒಂದು ದಿನ ತಂಪು ತಪ್ಪಿದರೂ ಸಾಕು, ಕಂದುಬಣ್ಣಕ್ಕೆ ತಿರುಗಿ ಲೋಳೆಯಾಗುತ್ತದೆ. ಭಾವ ಅತ್ತ ಹೋದದ್ದನ್ನು ನೋಡಿಕೊಂಡು ಆಕೆ ನೊರೆಯಪ್ಪನ ಹತ್ತಿರ ಬಂದಳು.

“ಅವರು ಹೇಳಿದ್ದೆಲ್ಲ ಕೇಳಿಸ್ಕೊಂಡೆ. ನೀವು ಹೇಳಿ, ಇದ್ರಲ್ಲಿ ತಂಪು ನಿಲ್ಲುತ್ತಾ?”

“ನಾಳೆ ಹೇಳ್ತೀನಮ್ಮ. ಪೈಪೊಳಗೆ ನೈಟ್ರೋಜನ್ ತುಂಬಿ ಬಿಗಿದಿದೀನಿ. ಒತ್ತಡ ತೋರಿಸೋ ಈ ಗೇಜಿನ ಮುಳ್ಳು ಎಲ್ಲಿದೆಯೋ ಅಲ್ಲಿ ಗೆರೆ ಹಾಕಿದೀನಿ. ನಾಳೆ ಇದೇ ಹೊತ್ತಿಗೆ ಮುಳ್ಳು ಅಲ್ಲೇ ಇದ್ರೆ ಸೋರಿಕೆ ಇಲ್ಲ. ಇಳಿದಿದ್ರೆ ಎಲ್ಲೋ ಸೋರ್ತಿದೆ, ಹುಡುಕ್ಬೇಕು.”

“ಸರಿ, ನಾಳೆ ನಿಮ್ಮನ್ನೇ ಕೇಳ್ತೀನಿ.”

ಭಾವ ಬಂದವನೇ ಉರಿದುಬಿದ್ದ. “ಒಂದು ದಿನ ಪೂರ್ತಿ ಮುಳ್ಳಿನ ಮುಖ ನೋಡ್ತಾ ಕೂರೋಕೆ ಅದೇನು ನಿನ್ನ ಹೆಂಡ್ತೀನಾ? ಅಲ್ಲಿ ಇನ್ನೊಂದು ಕೆಲಸ ಕಾಯ್ತಿದೆ!”

“ಬೆಸುಗೆ ಹಾಕೋನು ಮನುಷ್ಯ ಭಾವ, ತಪ್ಪಾಗುತ್ತೆ. ಅದಕ್ಕೇ ಮುಳ್ಳು ಇರೋದು. ನಾಳೆವರೆಗೂ ಯಾರೂ ಮುಟ್ಟಬೇಡಿ.”

ಸಂಜೆ ಅಕ್ಕ ಫೋನು ಮಾಡಿದಳು. ದನಿ ತಗ್ಗಿಸಿ ಮಾತಾಡುತ್ತಿದ್ದಳು. “ಅವರ ಹತ್ರ ಜಗಳ ತೆಗೀಬೇಡ ಕಣೋ. ನೀನು ಕೂಗಾಡಿ ನಿನ್ನ ಮನೆಗೆ ಹೋಗ್ತೀಯ. ಆ ಸಿಟ್ಟೆಲ್ಲ ತಗೊಂಡು ಅವರು ಈ ಮನೆಗೆ ಬರ್ತಾರೆ.”

ಅವನ ಮೈಯೆಲ್ಲ ಉರಿದುಹೋಯಿತು. ಆದರೂ “ಆಯ್ತಕ್ಕ” ಎಂದ.

ಮರುದಿನ ಹೋಗುವಷ್ಟರಲ್ಲಿ ಭಾವ ಆಗಲೇ ಗೇಜಿನ ಪಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. “ನೋಡ್ಕೋ. ಕೂದಲೆಳೆಯಷ್ಟೂ ಕದಲಿಲ್ಲ.”

ಮುಳ್ಳು ಗೆರೆಯ ಮೇಲೇ ಇತ್ತು. ಆದರೆ ಗೆರೆ ಅವನದಲ್ಲ. ಅವನು ಎಳೆದದ್ದು ಸೂಜಿಯಷ್ಟು ಸಣ್ಣದು, ಇದು ಮೊಂಡು ಮಾರ್ಕರಿನ ದಪ್ಪ ಗೆರೆ. ಗೇಜಿನ ಅಳತೆಯಲ್ಲಿ ಅವನದಕ್ಕಿಂತ ಎರಡು ಮನೆ ಕೆಳಗೆ. ಹಳೆಯ ಗೆರೆ ಒರೆಸಿದ ಜಾಗದಲ್ಲಿ ಗಾಜು ಮಸುಕಾಗಿತ್ತು. ಕಳ್ಳತನವನ್ನಾದರೂ ನೀಟಾಗಿ ಮಾಡುವ ಯೋಗ್ಯತೆ ಆ ಮನುಷ್ಯನಿಗಿರಲಿಲ್ಲ.

ಕೈಯಲ್ಲಿದ್ದ ಸ್ಪ್ಯಾನರ್ ಮೇಲಕ್ಕೆದ್ದಿತ್ತು. ಅಕ್ಕನ ಆ ತಗ್ಗಿದ ದನಿ ನೆನಪಾಗಿ ಕೆಳಗಿಳಿಯಿತು. ಅಷ್ಟು ಹೊತ್ತಿಗೆ ಅಣಬೆಯಮ್ಮ ಒಳಗೆ ಬಂದಳು. ಭಾವನ ಕಡೆ ತಿರುಗಿಯೂ ನೋಡಲಿಲ್ಲ.

“ಹೇಳಿ. ಮುಳ್ಳು ಕದಲಿದೆಯಾ?”

“ಇಲ್ಲಮ್ಮ” ಎಂದ ನೊರೆಯಪ್ಪ.

ಆಕೆ ತಲೆಯಾಡಿಸಿ ಹೋದಳು. ಅವನು ನೈಟ್ರೋಜನ್ ಹೊರಬಿಟ್ಟು, ತಂಪು ಮಾಡುವ ಗ್ಯಾಸ್ ತುಂಬಿದ.

ನಲವತ್ತು ದಿನ ಕಳೆದ ಮೇಲೆ ಆಕೆಯ ಫೋನು ಬಂತು. ಅವನು ಓಡಿದ. ಬಾಗಿಲು ತೆಗೆದರೆ ಮುಖಕ್ಕೆ ಬಡಿದದ್ದು ಬೆಚ್ಚಗಿನ ಗಾಳಿ, ಹುಳಿನಾತ. ಬುಟ್ಟಿ ಬುಟ್ಟಿಯಲ್ಲೂ ಲೋಳೆ. ಹೋಟೆಲಿನವರು ಕರಾರು ಮುರಿದುಕೊಂಡಾಗಿತ್ತು. ಅವನು ಪೈಪಿನುದ್ದಕ್ಕೂ ಸೋಪುನೀರು ಬಳಿದುಕೊಂಡು ಹೋದ. ಗೋಡೆಯ ಮೂಲೆಯ ತಿರುವಿನಲ್ಲಿ, ಕೈ ಸರಿಯಾಗಿ ಆಡದ ಜಾಗದಲ್ಲಿ, ಸಾಸಿವೆಯಷ್ಟು ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಅದು ಅವನದೇ ಬೆಸುಗೆ.

ಹಿಂದೆಯೇ ಬಂದು ಇಣುಕಿದ ಭಾವನ ಮುಖ ಅರಳಿತು. “ನೋಡಿ ಅಮ್ಮಾ! ನಾನು ಹಾಕಿದ್ದಲ್ಲ, ಬೆಸುಗೆ ಇವನದು. ದಿನಗಟ್ಟಲೆ ನೊರೆ ಎಬ್ಬಿಸ್ತಾನೆ, ಹಾಕೋದು ಮಾತ್ರ ತೂತು!”

ಮಾತು ನಿಜವೇ. ನಿಜ ಹೇಳಲು ಆ ಸುಳ್ಳುಬುರುಕನಿಗೆ ಬೇರೆ ದಿನವೇ ಸಿಗಲಿಲ್ಲ. ನೊರೆಯಪ್ಪ ಅವನ ಅಂಗಿಯ ಕಾಲರು ಹಿಡಿದು ಬಾಗಿಲವರೆಗೆ ಎಳೆದೊಯ್ದು ಹೊರಗೆ ದಬ್ಬಿದ. “ಇವತ್ತಿಗೆ ನಿಮ್ಮ ಕೆಲಸಾನೂ ಸಾಕು, ನೀವೂ ಸಾಕು. ಅಕ್ಕನ ಮೇಲೆ ಕೈ ಎತ್ತಿದ್ದು ಗೊತ್ತಾಯ್ತೋ, ಮನೆ ಹತ್ರಾನೇ ಬರ್ತೀನಿ.” ಈ ಮಾತನ್ನು ಆಡಬೇಕಾಗಿದ್ದದ್ದು ನಲವತ್ತು ದಿನದ ಹಿಂದೆ.

ಆಮೇಲೆ ಅಣಬೆಯಮ್ಮನ ಮುಂದೆ ನಿಂತು ಹೇಳಿದ. “ಬೆಸುಗೆ ನಂದೇ ಅಮ್ಮ. ಆದ್ರೆ ಆ ಗೆರೆ ನಂದಲ್ಲ. ಅವರು ಅಳಿಸಿ ಬೇರೆ ಹಾಕಿದ್ರು. ನಂಗೆ ಅವತ್ತೇ ಗೊತ್ತಿತ್ತು.”

ಆಕೆ ಒಂದು ಬುಟ್ಟಿಯನ್ನು ಬಾಗಿಲಾಚೆ ಸರಿಸಿದಳು. “ಅವರು ಸುಳ್ಳು ಹೇಳ್ತಾರೆ ಅಂತ ನನಗೂ ಗೊತ್ತಿತ್ತಪ್ಪ. ಅದಕ್ಕೇ ಅಲ್ವಾ ನಿಮ್ಮನ್ನ ಕೇಳಿದ್ದು?”

ಆಕೆ ಕೂಗಾಡಿದ್ದರೆ ಅವನಿಗೆ ನಿಭಾಯಿಸಲು ಬರುತ್ತಿತ್ತು. ಕೂಗಾಟಕ್ಕೆ ಕೂಗಾಟ, ಜನ್ಮವಿಡೀ ಮಾಡಿದ್ದು ಅದೇ.

ಬಿಟ್ಟಿಯಾಗಿಯೇ ಆ ಬೆಸುಗೆ ಕಿತ್ತು ಮತ್ತೆ ಹಾಕಿದ. ಒಂದಲ್ಲ, ಎರಡು ದಿನ ಪರೀಕ್ಷೆಗೆ ಬಿಟ್ಟ. ಮೂರನೆಯ ದಿನ ಹೋಗಿ ಗೇಜಿನ ಪಕ್ಕ ಕಾದು ನಿಂತ. ಆಕೆ ಬಂದಳು. ಅವನು ಬಾಯಿ ತೆರೆಯುವಷ್ಟರಲ್ಲಿ ಕನ್ನಡಕ ಏರಿಸಿಕೊಂಡು, ತಾನೇ ಬಗ್ಗಿ, ಗಾಜಿಗೆ ಮೂಗು ತಾಗುವ ಹಾಗೆ ನೋಡಿದಳು. ಮೊದಲ ದಿನವೇ ತನ್ನ ಕೈಚೀಲದ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದ ಅಂಕಿಯ ಜೊತೆ ತಾಳೆ ಹಾಕಿದಳು. “ಗ್ಯಾಸ್ ತುಂಬಿ” ಎಂದು ಹೇಳಿ ಹೊರಟುಹೋದಳು.

ಆ ಕೋಲ್ಡ್ ರೂಮ್ ಈಗಲೂ ಕೆಲಸ ಮಾಡುತ್ತಿದೆ. ವರ್ಷಕ್ಕೆರಡು ಸಲ ಅವನು ಹೋಗಿ ನೋಡಿ ಬರುತ್ತಾನೆ. ಆಕೆ ಕುಡಿಯಲು ನೀರು ಕೊಡುತ್ತಾಳೆ, ಮನೆಯವರ ಯೋಗಕ್ಷೇಮ ವಿಚಾರಿಸುತ್ತಾಳೆ. ಯಂತ್ರ ಹೇಗಿದೆ ಎಂದು ಮಾತ್ರ ಕೇಳುವುದಿಲ್ಲ. ಅವತ್ತು ಕೊಡದೆ ಉಳಿಸಿಕೊಂಡ ನಿಜವಾದ ಉತ್ತರದ ಸಾಲ ತೀರಿಸಲೆಂದು, ಆಕೆ ಕೇಳಿಯಾಳೆಂದು, ಪ್ರತಿ ಸಲವೂ ಬೇಕಿದ್ದಕ್ಕಿಂತ ಒಂದಿಷ್ಟು ಹೆಚ್ಚು ಹೊತ್ತು ಅಲ್ಲಿ ನಿಲ್ಲುತ್ತಾನೆ. ಆಕೆ ಖಾಲಿ ಲೋಟ ಇಸಿದುಕೊಂಡು ಒಳಗೆ ಹೋಗುತ್ತಾಳೆ.