ಬಿಟ್ಟು ಓದಿದ ನಾಲ್ಕು ಸಾಲು

ಸಾಹೇಬರು ತೀರಿಕೊಂಡ ಮರುದಿನ ಪೇಪರಿನಲ್ಲಿ ಅರ್ಧ ಪುಟ ಅವರದೇ. ಸೊಸೈಟಿಯ ಚೇರ್ಮನ್‌ರಾಗಿ ಶುರುಮಾಡಿದ್ದು, ಶಾಸಕರಾಗಿದ್ದು, ಸ್ವಲ್ಪ ಕಾಲ ಮಂತ್ರಿಯಾಗಿದ್ದು, ಎಲ್ಲ ಇತ್ತು. ವೈರಿಗಳು ಹೂಡಿದ ಮೊಕದ್ದಮೆಗಳನ್ನೆಲ್ಲ ಗೆದ್ದು ಬಂದರು ಅಂತಲೂ ಬರೆದಿದ್ದರು. ಉಳಿದ ಮೊಕದ್ದಮೆಗಳ ಸುದ್ದಿ ನನಗೆ ಬೇಡ. ಒಂದನ್ನು ಹೇಗೆ ಗೆದ್ದರೆಂದು ನನಗೆ ಚೆನ್ನಾಗಿ ಗೊತ್ತು. ಅದರ ಬುನಾದಿ ಹಾಕಿಕೊಟ್ಟವಳು ನಾನೇ.

ಎಂಬತ್ತರ ದಶಕದ ಮೊದಲ ವರ್ಷಗಳು. ಮೊರಬದ ಬಸ್ಸಿಳಿದು ಎರಿಯ ಕಪ್ಪು ಮಣ್ಣಿನ ಹಾದಿಯಲ್ಲಿ ಬಹಳ ದೂರ ನಡೆದರೆ ಒಂದು ಸಣ್ಣ ಊರು. ಅಲ್ಲಿಯ ಶಾಲೆಗೆ ನಾನೊಬ್ಬಳೇ ಶಿಕ್ಷಕಿ, ಊರವರ ಬಾಯಲ್ಲಿ ‘ಅಕ್ಕೋರು’. ಗಂಡ ಧಾರವಾಡದಲ್ಲಿ ಗುಮಾಸ್ತ. ಶನಿವಾರ ಹೋಗಿ ಸೋಮವಾರ ಬರುವ ಸಂಸಾರ ನಮ್ಮದು. ಮಳೆ ಹಿಡಿದರೆ ಅದೂ ಇಲ್ಲ. ಆ ಕೆಸರಿನಲ್ಲಿ ಕಾಲು ಕಿತ್ತರೆ ಚಪ್ಪಲಿ ಅಲ್ಲೇ ಉಳಿಯುತ್ತಿತ್ತು. ನನ್ನ ಸಿಟ್ಟೆಲ್ಲ ಮಕ್ಕಳ ಮೇಲೆ ತೀರುತ್ತಿತ್ತು. ಓದುವಾಗ ಯಾರಾದರೂ ಸಾಲು ಹಾರಿಸಿದರೆ ಮರದ ಪಟ್ಟಿಯಿಂದ ಬೆರಳ ಗಂಟಿಗೆ ಬಾರಿಸುತ್ತಿದ್ದೆ. “ಮ್ಯಾಲಿಂದ ತೆಳಗಿನ ಮಟಾ ಓದು. ಒಂದಕ್ಷರ ಬಿಟ್ಟಿ ಅಂದ್ರ ನೋಡು.”

ಊರಿಗೆ ಬರುವ ಕಾಗದಗಳನ್ನು ಓದಿ ಹೇಳುವ ಕೆಲಸವೂ ನನ್ನದೇ. ಕೇಳಲು ಬಂದವರು ಕಾಲ್ಮರಿ ಬಾಗಿಲಲ್ಲಿ ಬಿಟ್ಟು, ಶ್ರಾವಣದ ಪುರಾಣಕ್ಕೆ ಕೂತ ಹಾಗೆ ಕೈಮುಗಿದು ಕೂಡುತ್ತಿದ್ದರು. ಓದಿದವರನ್ನು ತಿರುಗಿ ಪ್ರಶ್ನೆ ಮಾಡುವುದು ಆ ಊರಿನಲ್ಲಿ ಇರಲಿಲ್ಲ. ಓದಿ ಮುಗಿಸಿದ ಮೇಲೆ ಕಾಗದಕ್ಕೆ ಹಣೆ ಮುಟ್ಟಿಸಿಕೊಂಡು ಹೆಬ್ಬೆಟ್ಟು ಒತ್ತುತ್ತಿದ್ದರು. ಕೆಳಗೆ ನಾನು ‘ಓದಿ ಹೇಳಿದ್ದೇನೆ’ ಎಂದು ಬರೆದು ಸಹಿ ಮಾಡುತ್ತಿದ್ದೆ.

ಕುರಿ ಕಾಯುವ ಮನೆತನಗಳಿಗೆ ಹಿರಿಯನಾಗಿ ಒಬ್ಬ ಅಜ್ಜನಿದ್ದ. ಅವನ ಮೊಮ್ಮಗಳು ದಿನಾ ಕುರಿಗಳ ಹಿಂದೆ ಹೋಗುವುದನ್ನು ನೋಡಿ ಒಮ್ಮೆ ಜಗಳಕ್ಕೇ ನಿಂತಿದ್ದೆ. “ಕುರಿ ಕಾಯಾಕ ನಾಯಿ ಸಾಕೀರಿ, ಮತ್ತ ಹುಡುಗಿ ಯಾಕ ಬೇಕ್ರಿ ಅಜ್ಜಾರ?” ಅಂದಿದ್ದೆ. ಅಜ್ಜ ಹಲ್ಲಿಲ್ಲದ ಬಾಯಿ ತುಂಬ ನಕ್ಕ. ಮರುದಿನ ತಾನೇ ಅವಳ ಕೈಹಿಡಿದು ಶಾಲೆಗೆ ಕರೆತಂದ. ಅವರ ಪೈಕಿ ಶಾಲೆ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ಅವಳು.

ಒಂದು ಬೇಸಿಗೆ ಸಾಹೇಬರ ಜೀಪು ಶಾಲೆ ಮುಂದೆ ನಿಂತಿತು. ಆಗಿನ್ನೂ ಹೊಸ ಶಾಸಕರು. ನನ್ನ ಕುರ್ಚಿಯಲ್ಲಿ ಕೂತು, ಚಹಾ ಕುಡಿದು, “ಅಕ್ಕೋರ, ನಿಮ್ಮ ಯಜಮಾನ್ರು ಧಾರವಾಡದಾಗ ಒಬ್ರ ಕೈ ಸುಟ್ಕೊಂಡು ಅಡಗಿ ಮಾಡ್ಕೊತಾರಂತಲ್ರಿ,” ಅಂದರು. ನನ್ನ ವರ್ಗಾವಣೆಯ ಅರ್ಜಿ ಅವರ ಕಿವಿಗೆ ಮುಟ್ಟಿತ್ತು. “ಜೂನ್ ತಿಂಗಳದಾಗ ಆರ್ಡರ್ ಬರ್ತೈತಿ, ಕಾಳಜಿ ಬಿಡ್ರಿ,” ಎಂದು ಹೇಳಿ ಒಂದು ಕಾಗದ ಮುಂದಿಟ್ಟರು. ಕುರಿ ಮನೆತನದವರಿಗೆ ಓದಿ ಹೇಳಿ ಹೆಬ್ಬೆಟ್ಟು ಹಾಕಿಸಬೇಕಿತ್ತು.

ಮೇಲೆ ಕುರಿಗಳಿಗೆ ಬಾವಿ, ನೀರಿನ ತೊಟ್ಟಿ ಕಟ್ಟಿಸಿಕೊಡಬೇಕೆಂಬ ಬೇಡಿಕೆ. ಕೆಳಗೆ ನಾಲ್ಕು ಸಾಲು: ಊರಿನ ಗಾಯರಾಣವನ್ನು ಸಾಹೇಬರ ಶಿಕ್ಷಣ ಸಂಸ್ಥೆಗೆ ಕೊಡಲು ನಮ್ಮ ತಕರಾರಿಲ್ಲ. ಗಾಯರಾಣವೆಂದರೆ ದನ, ಕುರಿ ಮೇಯಲು ಸರಕಾರ ಬಿಟ್ಟ ಜಾಗ. ಮುಂಗಾರು ಬಿತ್ತಿಗೆಯಾಗಿ ಹೊಲಗಳೆಲ್ಲ ಬೆಳೆ ಹಿಡಿದ ಮೇಲೆ ಕುರಿ ನಿಲ್ಲಿಸಲು ಅವರಿಗೆ ಇದ್ದದ್ದು ಅದೊಂದೇ.

“ಮ್ಯಾಲಿಂದಷ್ಟ ಓದ್ರಿ, ಸಾಕು. ತೆಳಗ ಬರೇ ಕಾಯ್ದೆ ಮಾತು,” ಅಂದರು ಸಾಹೇಬರು.

ನಾನು ಹಾಗೆಯೇ ಓದಿದೆ. ಯಾರೂ ನನ್ನನ್ನು ಹೆದರಿಸಲಿಲ್ಲ. ನಾಲ್ಕು ಸಾಲು ನನ್ನ ಕಣ್ಣೆದುರೇ ಇದ್ದವು. ಅವುಗಳ ಮೇಲೆ ಬೆರಳಿಟ್ಟು ಮುಚ್ಚಿಕೊಂಡು, ಬಾವಿಯ ಮಾತು ಮುಗಿಸಿ, “ಇಷ್ಟ ಐತ್ರಿ,” ಅಂದೆ. ಅಜ್ಜ ಎಲ್ಲರಿಗಿಂತ ಮೊದಲು ಹಣೆ ಮುಟ್ಟಿಸಿ ಹೆಬ್ಬೆಟ್ಟೊತ್ತಿದ. ಹೋಗುವಾಗ, “ನಿಮ್ಮಿಂದ ನಮ್ಮ ಕುರಿಗೆ ನೀರ ಬಂತ್ರಿ ಅಕ್ಕೋರ,” ಅಂದ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ.

ಜೂನ್‌ನಲ್ಲಿ ಆರ್ಡರು ಬಂತು. ನಾಚಿಕೆಯಿಲ್ಲದವಳು, ಪೇಢಾ ಹಂಚಿ ಹೋದೆ.

ಮುಂದಿನ ವರ್ಷ ಗಾಯರಾಣಕ್ಕೆ ತಂತಿ ಬೇಲಿ ಬಿತ್ತು. ಬಾವಿ ತೋಡಲೇ ಇಲ್ಲ. ಕುರಿಯವರು ಕಚೇರಿಗೆ ಅಲೆದು ಆ ಕಾಗದದ ನಕಲು ತಂದರು. ಓದಿದವಳು ಅಜ್ಜನ ಮೊಮ್ಮಗಳು. ಮೇಲಿಂದ ಕೆಳಗಿನವರೆಗೆ ಓದಿದಳಂತೆ. ನಾಲ್ಕು ಸಾಲು ಹೊರಗೆ ಬಂದದ್ದು ಹಾಗೆ. “ನಾಲ್ಕನೇ ಇಯತ್ತೆ ಹುಡುಗಿ ಓದಿದ್ದು ಖರೇ, ಅಕ್ಕೋರು ಓದಿದ್ದು ಸುಳ್ಳೇನು?” ಎಂದು ಸಾಹೇಬರ ಕಡೆಯವರು ಊರೆಲ್ಲ ಗೇಲಿ ಮಾಡಿದರು. ಕುರಿಯವರು ಕೋರ್ಟಿನಲ್ಲಿ ಮೊಕದ್ದಮೆ ಹೂಡಿದರು. ‘ಓದಿ ಹೇಳಿದ್ದೇನೆ’ ಎಂದು ಸಹಿ ಮಾಡಿದ ನಾನೇ ಸಾಹೇಬರ ಪರ ಸಾಕ್ಷಿ.

ಸಾಕ್ಷಿಯ ದಿನ ಬಸ್ಸಿನಲ್ಲಿ ಬರುವಾಗ ಖರೇ ಹೇಳಿಬಿಡಬೇಕು ಅಂದುಕೊಂಡಿದ್ದೆ. ಕೋರ್ಟಿನ ಮೆಟ್ಟಿಲು ಹತ್ತುವಷ್ಟರಲ್ಲಿ ನೌಕರಿ, ಪಿಂಚಣಿ, ಜನರ ಬಾಯಿ, ಎಲ್ಲ ನೆನಪಾಯಿತು. ಸಾಕ್ಷಿಯವರು ಹೊರಗಿರಬೇಕೆಂದು ಜವಾನ ತಡೆದ. ಬಾಗಿಲ ಬಳಿಯೇ ನಿಂತೆ. ಒಳಗಿನ ಮಾತು ಸ್ವಚ್ಛ ಕೇಳುತ್ತಿತ್ತು.

ಕಟಕಟೆಯಲ್ಲಿ ಅಜ್ಜ. ಸಾಹೇಬರ ವಕೀಲರು ಕೇಳಿದರು: “ಈ ಹೆಬ್ಬೆಟ್ಟು ನಿಮ್ಮದ ಹೌದಲ್ರಿ?”

“ಹೌದ್ರಿ.”

“ಅಕ್ಕೋರು ಪೂರಾ ಓದಿ ಹೇಳಿದ ಮ್ಯಾಲೆ ಹಾಕಿದ್ರಿ. ಹೌದೋ ಅಲ್ಲೋ?”

ಅಜ್ಜನ ಕಣ್ಣು ಬಾಗಿಲಿಗೆ ಬಂತು, ನನ್ನ ಮೇಲೆ ನಿಂತಿತು. ನಾನು ತಲೆ ತಗ್ಗಿಸಿದೆ.

“ಪೂರಾ ಓದ್ಯಾರ್ರಿ. ಅಕ್ಕೋರು ಬಿಟ್ಟು ಓದೂದಿಲ್ಲ. ನನ್ನ ಕಿವಿ ಮಂದ, ನನಗ ಕೇಳಿರಾಕಿಲ್ಲ.”

ವಕೀಲರು ನಗುತ್ತ ಹೊರಗೆ ಬಂದು, ಇನ್ನು ನನ್ನ ಸಾಕ್ಷಿ ಬೇಕಾಗಲಿಕ್ಕಿಲ್ಲ, ಮುದುಕನೇ ಮುಗಿಸಿಬಿಟ್ಟ ಅಂದರು. ಆ ಕ್ಷಣಕ್ಕೆ ನನಗಾದದ್ದೇನು ಗೊತ್ತೇ? ಸಮಾಧಾನ. ಥೂ, ನನ್ನ ಜನ್ಮಕ್ಕೆ. ಒಳಗೆ ಹೋಗಿ ಕೂಗಿ ಹೇಳಬಹುದಿತ್ತು. ಹೋಗಲಿಲ್ಲ.

ಅಜ್ಜ ಹೊರಗೆ ಬಂದು ಬೇವಿನ ಗಿಡದ ಬುಡದಲ್ಲಿ ಕೂತ. ಮೊಮ್ಮಗಳು ಬಾಜು ನಿಂತಿದ್ದಳು, ಎತ್ತರ ಬೆಳೆದಿದ್ದಳು. ನಾನು ಹೋಗಿ ಅವನ ಕಾಲು ಮುಟ್ಟಲು ಬಗ್ಗಿದೆ. ಅವನು ಕಾಲು ಹಿಂದಕ್ಕೆಳೆದುಕೊಂಡ.

“ಹಂಗ್ಯಾಕ ಹೇಳಿದ್ರಿ ಅಜ್ಜಾರ? ನಿಮ್ಮ ಕಿವಿ ಚಲೋ ಅದಾವು.”

“ಕಿವಿ ಚಲೋನ ಅದಾವ್ರಿ,” ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಪ್ರೀತಿಯೂ ಇರಲಿಲ್ಲ. “ಅಕ್ಕೋರು ಸುಳ್ಳ ಓದಿದ್ರು ಅಂತ ಕೋರ್ಟಿನಾಗ ಆತಂದ್ರ, ಸಾಲಿ ಕಲ್ತ್ರ ಇದ ಕಲೀತಾವು ಅಂತ ನಮ್ಮ ಮಂದಿ ಹುಡುಗ್ಯಾರನ್ನ ಮತ್ತ ಕುರಿ ಹಿಂದ ಹೊಡೀತಾರ. ಈಗ ಆರು ಹುಡುಗ್ಯಾರು ಸಾಲಿಗೆ ಹೊಂಟಾರ್ರಿ. ಗಾಯರಾಣ ಅಂತೂ ಹೋತು. ಇದಾದ್ರೂ ಉಳೀಲಿ.”

ಅಷ್ಟರಲ್ಲಿ ಕುರಿಯವರ ವಕೀಲರ ಗುಮಾಸ್ತ ಬಂದು ಮುಂದಿನ ತಾರೀಖಿನ ಚೀಟಿ ಅಜ್ಜನ ಕೈಗಿತ್ತ. ಹಳೆಯ ರೂಢಿ, ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಅಜ್ಜ ಚೀಟಿಯನ್ನು ನನ್ನ ಕೈ ದಾಟಿಸಿ ಹುಡುಗಿಗೆ ಕೊಟ್ಟ.

“ನೀ ಓದವಾ.”

ಅವಳು ಓದಿದಳು. ವಕೀಲರ ಹೆಸರು, ಪದವಿ, ಓಣಿ, ದಾವೆಯ ನಂಬರು, ತಾರೀಖು, ಕೊನೆಗೆ ಮೂಲೆಯಲ್ಲಿ ಸಣ್ಣಕ್ಷರದಲ್ಲಿದ್ದ ಛಾಪಖಾನೆಯ ಹೆಸರನ್ನೂ ಬಿಡಲಿಲ್ಲ. ಓದುವಾಗ ಎಡಗೈಯ ಬೆರಳುಗಳನ್ನು ಮುಷ್ಟಿ ಮಾಡಿ ಲಂಗದ ಮಡಿಕೆಯಲ್ಲಿ ಅಡಗಿಸಿಕೊಂಡಿದ್ದಳು. ನನ್ನ ಪಟ್ಟಿಯ ಹೆದರಿಕೆ ಇನ್ನೂ ಹೋಗಿರಲಿಲ್ಲ. ಮುಗಿಸಿ ನನ್ನ ಮುಖ ನೋಡಿದಳು.

“ಬರೋಬ್ಬರಿ ಓದೀನಿಲ್ರಿ, ಅಕ್ಕೋರ?”