ಪಂಜರದ ಹೊಟ್ಟೆ ಬಲ್ಲ ಸದ್ಬರ್ಗ್

ಬೆಳಗಿನ ನಾಲ್ಕೂವರೆ. ಬೆಟ್ಟದ ನೆತ್ತಿಗೆ ಮಾತ್ರ ಬೆಳಕು ತಾಗಿದೆ. ಕೆಳಗೆ ದಹಾನಾಬ್ ಊರಿನ್ನೂ ಕತ್ತಲ ಸೆರಗು ಹೊದ್ದುಕೊಂಡೇ ಇದೆ. ನದಿಯ ಎಡದಂಡೆಯ ಗೋಡೆಯ ಮೇಲೆ ಒಬ್ಬ ಹೆಂಗಸು ಬಗ್ಗಿ ಬಗ್ಗಿ ನಡೆಯುತ್ತಿದ್ದಾರೆ. ಎರಡು ಹೆಜ್ಜೆಗೊಮ್ಮೆ ಕೂರುತ್ತಾರೆ, ಕಲ್ಲು ತುಂಬಿದ ತಂತಿಪಂಜರದ ಮೇಲೆ ಅಂಗೈ ಊರುತ್ತಾರೆ, ಕಣ್ಣು ಮುಚ್ಚಿ ಒಂದು ಉಸಿರಿನಷ್ಟು ಹೊತ್ತು ಕಾಯುತ್ತಾರೆ, ಏಳುತ್ತಾರೆ. ಜ್ವರದಲ್ಲಿ ಮಲಗಿದ ಮಕ್ಕಳ ಸಾಲನ್ನು ತಾಯಿ ಮುಟ್ಟಿ ನೋಡಿಕೊಂಡು ಹೋದ ಹಾಗೆ.

ಇವರು ಸದ್ಬರ್ಗ್. ವಯಸ್ಸು ಐವತ್ತೆರಡು. ಊರಿಗೆಲ್ಲ ಸದ್ಬರ್ಗ್ ಅಪಾ, ಅಂದರೆ ಅಕ್ಕ. ಜೂನ್ ತಿಂಗಳಲ್ಲಿ ದಹಾನಾಬ್ ಹೆದರುವುದು ಇರುಳಿಗಲ್ಲ, ಈ ನಸುಕಿಗೆ. ಹಗಲಿನ ಬಿಸಿಲಿಗೆ ಮೇಲೆಲ್ಲೋ ಕರಗಿದ ಹಿಮ ಇರುಳಿಡೀ ಕಣಿವೆಯಲ್ಲಿ ನಡೆದು, ಊರು ಏಳುವ ಹೊತ್ತಿಗೆ ಸರಿಯಾಗಿ ಬಾಗಿಲಿಗೆ ಬಂದು ನಿಲ್ಲುತ್ತದೆ. ಮಧ್ಯಾಹ್ನಕ್ಕೆ ಅದೇ ನದಿ ಏನೂ ಅರಿಯದವಳಂತೆ ಇಳಿದಿರುತ್ತದೆ.

"ಒಳಗೆ ಕಲ್ಲು ಕದಲಿದ್ರೆ ಕೈಗೆ ನಡುಕ ಬರುತ್ತೆ. ಕಿವಿಗೆ ಕೇಳಲ್ಲ, ನದಿ ಸದ್ದು ಮಾಡ್ತಿರುತ್ತಲ್ಲ. ಕೈಗೆ ಮಾತ್ರ ಗೊತ್ತಾಗೋದು," ಎನ್ನುತ್ತಾರೆ ಸದ್ಬರ್ಗ್.

ಹಿಂದೆಯೇ ಲಾಟೀನು ಹಿಡಿದು ಬರುವ ಅಂಬರ್ ಪಂಜರ ತುಂಬುವ ಅವರದೇ ತಂಡದವಳು, ನಾಲಿಗೆ ಚುರುಕು. "ಅಪಾ, ನಿನ್ನ ಗಂಡನ ಹಣೆಯನ್ನ ಯಾವತ್ತಾದ್ರೂ ಹೀಗೆ ಮುಟ್ಟಿ ನೋಡಿದ್ಯಾ?"

"ಅವನ ತಲೆಯೊಳಗೆ ಕದಲೋಕೆ ಏನಿದೆಯೇ?"

ನಗು ಗೋಡೆಯ ತಿರುವಿನವರೆಗೂ ಬರುತ್ತದೆ. ತಿರುವಿನಲ್ಲಿ ನಿಂತುಬಿಡುತ್ತದೆ. ಅಲ್ಲಿರುವ ಮೂರು ಪಂಜರಗಳ ಮುಂದೆ ಸದ್ಬರ್ಗ್ ಒಂದು ಉಸಿರಿನ ಬದಲು ಹತ್ತು ಉಸಿರು ನಿಲ್ಲುತ್ತಾರೆ. ಆ ಮೂರು ಬಿರಿದರೆ ಆರು ಮೀಟರ್ ಬಾಗಿಲು ತೆರೆದ ಹಾಗೆ. ಬಾಗಿಲಿನಾಚೆ ನೇರವಾಗಿ ಕೆಳಬೀದಿ.

ಕೆಳಬೀದಿಗೆ ಈ ಭಯ ಹೊಸದಲ್ಲ. ಕಬೂದ್ ನದಿಯ ಬಗ್ಗೆ ಇಲ್ಲಿನ ಅಜ್ಜಿಯರು ಹೇಳುವ ಕತೆಯೊಂದಿದೆ. ನದಿ ಹುಡುಗಿಯಾಗಿದ್ದಾಗ ಈ ಊರಿನಲ್ಲಿ ತನ್ನ ಬಾಚಣಿಗೆ ಕಳೆದುಕೊಂಡಳಂತೆ. ಹುಡುಕಿಕೊಂಡು ಆಗಾಗ ಮನೆಯೊಳಗೆ ಬರುತ್ತಾಳೆ, ಸಿಗದಿದ್ದರೆ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೋಗುತ್ತಾಳೆ. ಆರು ವರ್ಷದ ಹಿಂದೆ ಬಂದವಳು ಇಪ್ಪತ್ತೆರಡು ಮನೆಗಳನ್ನು ಎತ್ತಿಕೊಂಡು ಹೋದಳು. ನಾದಿಟ್ಟ ಹಿಟ್ಟಿನ ಬೋಗುಣಿ ತರಲೆಂದು ಒಳಗೆ ಹೋದ ಗುಲ್ಚೆಹ್ರಾ ಹೊರಗೆ ಬರಲಿಲ್ಲ. ಸದ್ಬರ್ಗ್ ಅವರ ಪಕ್ಕದ ಮನೆಯಾಕೆ.

ಆಗ ಸದ್ಬರ್ಗ್ ಹಾಸಿಗೆ ತುಂಬುವ ಕೆಲಸದಲ್ಲಿದ್ದರು. ಈ ಕಡೆ ಹೆಣ್ಣಿಗೆ ಮದುವೆಯಾಗಬೇಕೆಂದರೆ ಹತ್ತಿಯ ಕುರ್ಪಚಾ ಹಾಸಿಗೆಗಳು ಸೂರು ಮುಟ್ಟುವಷ್ಟು ಎತ್ತರಕ್ಕೆ ಪೇರಿಸಿರಬೇಕು. ಇಪ್ಪತ್ತೈದು ವರ್ಷ ಊರಿನ ಮದುಮಗಳರ ಹಾಸಿಗೆಗಳಿಗೆಲ್ಲ ಹತ್ತಿ ತುಂಬಿದ್ದು ಇದೇ ಕೈ. ಆ ಬೆಳಗ್ಗೆ ಹದಿನೆಂಟು ಹಾಸಿಗೆಗಳು ನೀರು ಕುಡಿದು, ಸತ್ತ ಕುರಿಗಳ ಹಾಗೆ ಊದಿಕೊಂಡು ತೇಲಿಹೋದವು.

ಸರಕಾರ ನದಿಯುದ್ದಕ್ಕೂ ಇರುವ ಐದು ಸಣ್ಣ ಊರುಗಳಿಗೆ ತಡೆಗೋಡೆ ಮಂಜೂರು ಮಾಡಿದ್ದು ಅದಾದ ಮೇಲೆ. ಮೇಲಿನ ಊರಿನದು ಮುಗಿದಿದೆ. ಕೆಳಗಿನ ಎರಡು ಊರುಗಳಲ್ಲಿ ಇನ್ನೂ ಬಂಡೆಗಳ ಮೇಲೆ ಕೆಂಪು ಬಣ್ಣದ ಗುರುತು ಬಿಟ್ಟು ಬೇರೇನಿಲ್ಲ. ದಹಾನಾಬ್‌ಗೆ ಒಟ್ಟು ಸಾವಿರದ ಇನ್ನೂರ ಅರವತ್ತು ಮೀಟರ್. ಎಂಟುನೂರ ತೊಂಬತ್ತು ಮೀಟರ್ ಎದ್ದು ನಿಂತಿದೆ. ಊರ ಗಂಡಸರಲ್ಲಿ ಅರ್ಧಕ್ಕರ್ಧ ರಷ್ಯಾದಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದಾರೆ. ಹಾಗಾಗಿ ಪಂಜರ ತುಂಬುವ ಕೆಲಸಕ್ಕೆ ಕರೆದಾಗ ಬಂದವರು ಸದ್ಬರ್ಗ್ ಸೇರಿ ಆರು ಜನ ಹೆಂಗಸರು.

ಪಂಜರ ಎಂದರೆ ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಅಷ್ಟೇ ಎತ್ತರದ ತಂತಿಬಲೆಯ ಪೆಟ್ಟಿಗೆ. ಮೂರೂವರೆ ಟನ್ ಕಲ್ಲು ನುಂಗುತ್ತದೆ. ಬಲೆಯ ಕಣ್ಣಿಗಿಂತ ದೊಡ್ಡ ಕಲ್ಲನ್ನೇ ಹಾಕಬೇಕು, ಒಂದೊಂದನ್ನೂ ಕೈಯಿಂದ ಕೂರಿಸಬೇಕು. ಮೂರನೇ ಒಂದು ಪಾಲು ತುಂಬಿದಾಗೊಮ್ಮೆ ಹೊಟ್ಟೆ ಉಬ್ಬದಂತೆ ಒಳಗಿಂದ ತಂತಿ ಬಿಗಿಯಬೇಕು. ಕೊನೆಗೆ ಮುಚ್ಚಳ ಹೊಲಿಯಬೇಕು. ಆರು ಜನ ಸೇರಿ ದಿನಕ್ಕೆ ನಾಲ್ಕು ಪಂಜರ, ಕೈ ಚೆನ್ನಾಗಿ ಓಡಿದರೆ ಐದು.

"ಹಾಸಿಗೆನೂ ಇಷ್ಟೇ," ಎನ್ನುತ್ತಾರೆ ಸದ್ಬರ್ಗ್, ಇಕ್ಕಳದಿಂದ ತಂತಿ ತಿರುವುತ್ತಾ. "ಅಂಚಿಗೆ ಒಳ್ಳೆ ಹತ್ತಿ ಇಟ್ಟು ಮಧ್ಯೆ ಚಿಂದಿ ತುರುಕಿದ್ರೆ ಅಂಗಡೀಲಿ ಚೆನ್ನಾಗೇ ಕಾಣುತ್ತೆ. ಮಲಗಿದವಳ ಬೆನ್ನಿಗೆ ಗೊತ್ತಾಗೋದು."

ಈ ಮಾತಿಗೆ ಏಪ್ರಿಲ್ ತಿಂಗಳ ಒಂದು ಭಾನುವಾರದ ಹಿನ್ನೆಲೆಯಿದೆ.

ಕೆಲಸ ನಿಧಾನವಾಯಿತು, ಹೀಗಾದರೆ ಹಿಮ ಕರಗುವ ಮೊದಲು ತಿರುವು ಮುಗಿಯುವುದಿಲ್ಲ ಎಂದು ಊರ ಹಿರಿಯ, ಎಲ್ಲರೂ ಬೋಬೋ ಅಂದರೆ ಅಜ್ಜ ಎಂದೇ ಕರೆಯುವ ಅಶೂರ್ ಬೋಬೋ, ಅಂದು ಹಶರ್ ಕರೆದರು. ಹಶರ್ ಎಂದರೆ ಊರಿಗೆ ಊರೇ ಬಂದು ಬಿಟ್ಟಿಯಾಗಿ ಕೈಗೂಡಿಸುವುದು. ಇನ್ನೂರು ಜನ ಬಂದರು. ಶಾಲೆಯ ಮೇಷ್ಟ್ರು, ಮದುಮಗ, ನರ್ಸು, ಒಂಟಿ ಕೈಯ ಕಮ್ಮಾರ. ಡೋಲು ಬಂತು. ಎಪ್ಪತ್ತೆಂಟು ವರ್ಷದ ಬೋಬೋ ಪ್ರಾರ್ಥನೆ ಮಾಡಿ ತಿರುವಿನ ಮೂರು ಪಂಜರಗಳನ್ನು ತಮ್ಮ ಮನೆಯವರೊಂದಿಗೆ ತಾವೇ ತುಂಬಿದರು. ಸಂಜೆಯೊಳಗೆ ನಲವತ್ತಾರು ಪಂಜರ!

ಆದರೆ ಹಶರಿಗೊಂದು ರೀತಿಯಿದೆ. ಯಾರ ಕೆಲಸಕ್ಕೆ ಊರು ಬಂದಿದೆಯೋ ಅವರು ಅಂದು ಕೆಲಸ ಮುಟ್ಟಬಾರದು. ಬಂದವರಿಗೆ ಚಹಾ ಕೊಡಬೇಕು, ಅಡಿಗೆ ಮಾಡಿ ಬಡಿಸಬೇಕು. ಹಾಗಾಗಿ ಪಂಜರ ತುಂಬಲು ಬಲ್ಲ ಆರೇ ಆರು ಜನ ಇಡೀ ದಿನ ಕೊಪ್ಪರಿಗೆಯ ಮುಂದೆ ಕ್ಯಾರೆಟ್ ಹೆಚ್ಚುತ್ತಾ, ಮಾಂಸದನ್ನಕ್ಕೆ ಉರಿ ಹಾಕುತ್ತಾ ಕುಳಿತರು. ಉತ್ಸಾಹದಲ್ಲಿದ್ದ ಇನ್ನೂರು ಜನ ಹೊರಮೈಗೆ ದೊಡ್ಡ ಕಲ್ಲು ಜೋಡಿಸಿ, ಒಳಗೆ ಸಲಿಕೆಯಲ್ಲಿ ಬಂದದ್ದನ್ನೆಲ್ಲ ಸುರಿದರು.

ಮರುದಿನ ನಸುಕಿನಲ್ಲಿ ಸದ್ಬರ್ಗ್ ಗೋಡೆಯ ಮೇಲೆ ನಡೆದರು, ಮುಟ್ಟಿದರು, ಕುಳಿತುಬಿಟ್ಟರು.

ಗೋಡೆಯ ಉಸ್ತುವಾರಿಯ ಎಂಜಿನಿಯರ್ ಹಿಕ್ಮತ್‌ಗೆ ಇನ್ನೂ ಮೂವತ್ತಾಗಿಲ್ಲ. ಅಂದು ಹೇಳಿದ್ದನ್ನು ಅವನು ಮುಚ್ಚಿಡುವುದಿಲ್ಲ. "ಅಪಾ, ನೀವು ಹೇಳೋದು ಸರಿ. ಆದ್ರೆ ಇಡೀ ಊರಿನ ಎದುರು ನಿಲ್ಲೋ ಧೈರ್ಯ ನನಗಿಲ್ಲ. ಬಿಚ್ಚೋದಾದ್ರೆ ನೀವೇ ಬಿಚ್ಚಿ. ತಂತಿ ನಾನು ಕೊಡ್ತೀನಿ."

ಬೋಬೋನನ್ನು ಕರೆತಂದು ಅವರ ಕಣ್ಣೆದುರಿಗೇ ಸದ್ಬರ್ಗ್ ಒಂದು ಪಂಜರದ ತಂತಿ ಕತ್ತರಿಸಿದರು. ಹೊಟ್ಟೆಯೊಳಗಿನ ಸಣ್ಣ ಕಲ್ಲು, ಹರಳು, ಮಣ್ಣು ಹರಿದ ಚೀಲದ ರಾಗಿಯಂತೆ ಕಾಲಬುಡಕ್ಕೆ ಸುರಿಯಿತು.

"ಅರಳೆ ಹಿಂಜೋಳು ನನಗೆ ಕಲ್ಲು ಕಲಿಸ್ತೀಯ?" ಎಂದರು ಬೋಬೋ.

"ಕಲಿಸ್ತಿಲ್ಲ ಬೋಬೋ. ನೀವೇ ನೋಡಿ. ಈ ಹರಳನ್ನೆಲ್ಲ ನೀರು ಬಲೆಯಿಂದ ಎಳ್ಕೊಳ್ಳುತ್ತೆ. ಆಮೇಲೆ ದೊಡ್ಡವು ಕುಸೀತವೆ, ಪಂಜರ ಮಂಡಿ ಊರುತ್ತೆ."

"ಇನ್ನೂರು ಜನದ ಬೆವರು ಇದೆ ಅದ್ರಲ್ಲಿ."

"ಬೆವರಿದೆ. ಕಲ್ಲಿಲ್ಲ."

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ ಎನ್ನುತ್ತಾರೆ ಸದ್ಬರ್ಗ್. ಅದಾಗಲೇ ಮಾತು ಊರು ತಲುಪಿತ್ತು. ಹಶರಿನ ಕೆಲಸ ಬಿಚ್ಚುವುದೆಂದರೆ ಅನ್ನ ಬಡಿಸಿದವರ ಮುಂದೆ ತಟ್ಟೆ ಬೋರಲು ಹಾಕಿದಂತೆ. ಸದ್ಬರ್ಗ್ ಬೀದಿಯ ತಂದೂರಿನ ಬಳಿ ರೊಟ್ಟಿಯ ಹಿಟ್ಟು ಹೊತ್ತು ಹೋದಾಗ ಒಬ್ಬಾಕೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ನಿನ್ನ ಪಂಜರಕ್ಕೆ ನಮ್ಮ ಕಲ್ಲು ಬೇಡ ಅಂದ್ಮೇಲೆ, ನಮ್ಮ ಒಲೆಗೆ ನಿನ್ನ ಹಿಟ್ಟು ಯಾಕಮ್ಮ?"

ಅಂದಿನಿಂದ ಸದ್ಬರ್ಗ್ ಮನೆಯಲ್ಲೇ ಬಾಣಲೆ ಬೋರಲು ಹಾಕಿ ರೊಟ್ಟಿ ಸುಟ್ಟುಕೊಂಡರು. ಒಂದು ಕಡೆ ಬೇಯುತ್ತಿತ್ತು, ಇನ್ನೊಂದು ಕಡೆ ಕರಿಯಾಗುತ್ತಿತ್ತು. ಹಗಲಿಡೀ ಆರು ಜನ ಬಿಚ್ಚಿ, ಆರಿಸಿ, ಮತ್ತೆ ತುಂಬಿದರು. ಇಪ್ಪತ್ತನಾಲ್ಕು ದಿನದಲ್ಲಿ ನಲವತ್ತಮೂರು ಪಂಜರ. ನಡುವೆ ಇಬ್ಬರು ಮನೆಯವರ ಮಾತಿಗೆ ಹೆದರಿ ಬಿಟ್ಟುಹೋದರು, ವಾರ ಕಳೆದು ಒಬ್ಬಳು ಮರಳಿದಳು. ಉಳಿದದ್ದು ಬೋಬೋನ ಮೂರು. ಅವುಗಳ ಮೇಲೆ ಮುದುಕ ಊರುಗೋಲು ಅಡ್ಡವಿಟ್ಟುಕೊಂಡು ಕುಳಿತುಬಿಟ್ಟಿದ್ದರು. "ನಾನು ಸತ್ತ ಮೇಲೆ ಬಿಚ್ಚು."

ಇಂದಿನ ನಸುಕಿನಲ್ಲಿ ಸದ್ಬರ್ಗ್ ಹತ್ತು ಉಸಿರು ನಿಂತಿರುವುದು ಆ ಮೂರರ ಮುಂದೆ. ನೀರು ಅವುಗಳ ಎದೆಮಟ್ಟಕ್ಕಿದೆ. ಮೊದಲನೆಯದು ಸುಮ್ಮನಿದೆ. ನಡುವಿನದರ ಮೇಲೆ ಅಂಗೈ ಊರಿದವರು ಕೈ ತೆಗೆಯುವುದೇ ಇಲ್ಲ.

"ಅಂಬರ್, ಲಾಟೀನು ಕೆಳಗೆ ಹಿಡಿ."

ಪಂಜರದ ಮುಖ ನದಿಯ ಕಡೆಗೆ ಉಬ್ಬಿದೆ, ತುಂಬು ಬಸುರಿಯ ಹೊಟ್ಟೆಯ ಹಾಗೆ. ಬಲೆಯ ಕಣ್ಣುಗಳಿಂದ ಹರಳು ಒಂದೊಂದೇ ಉದುರುತ್ತಿವೆ.

ಊರು ಓಡಿ ಬರುತ್ತದೆ. ಎರಡು ತಿಂಗಳಿಂದ ಮುಖ ತಿರುಗಿಸಿಕೊಂಡಿದ್ದವರೂ ಬರುತ್ತಾರೆ, ಬರದೆ ವಿಧಿಯಿಲ್ಲ. ಎಲ್ಲರ ಹಿಂದೆ ಊರುಗೋಲು ಕುಟ್ಟುತ್ತಾ ಅಶೂರ್ ಬೋಬೋ. ಉಬ್ಬಿದ ಪಂಜರವನ್ನು ನೋಡುತ್ತಾರೆ.

"ಬಿಚ್ಚು," ಎನ್ನುತ್ತಾರೆ.

"ಈಗ ಆಗಲ್ಲ ಬೋಬೋ. ಈಗ ಬಿಚ್ಚಿದ್ರೆ ನದಿ ಒಳಗೆ ಬರುತ್ತೆ." ಸದ್ಬರ್ಗ್ ಅವರ ದನಿಯಲ್ಲಿ ಗೆದ್ದ ಸದ್ದಿಲ್ಲ, ಆತುರವಿದೆ. "ಇನ್ನೆರಡು ತಾಸಿಗೆ ನೀರು ಇಳಿಯೋಕೆ ಶುರುವಾಗುತ್ತೆ. ಮತ್ತೆ ಬರೋದು ನಾಳೆ ನಸುಕಿಗೆ. ಅಷ್ಟರೊಳಗೆ ಇದರ ಬೆನ್ನಿಗೆ ಎಂಟು ಪಂಜರ ನಿಲ್ಲಿಸಬೇಕು."

ಖಾಲಿ ಪಂಜರಗಳು ಬರುತ್ತವೆ, ಹಿಕ್ಮತ್ ಟ್ರ್ಯಾಕ್ಟರ್‌ನಲ್ಲಿ ಕಲ್ಲು ತರಿಸುತ್ತಾನೆ. ಎಪ್ಪತ್ತು ಜನ ಸಾಲುಗಟ್ಟಿ ಕೈಯಿಂದ ಕೈಗೆ ಕಲ್ಲು ದಾಟಿಸುತ್ತಾರೆ. ಈ ಸಲ ಕೊಪ್ಪರಿಗೆ ಯಾರ ಪಾಲಿಗೋ ಹೋಗಿದೆ, ಕೇಳುವ ವ್ಯವಧಾನ ಯಾರಿಗೂ ಇಲ್ಲ. ಸಾಲಿನ ಕೊನೆಯಲ್ಲಿ, ಪಂಜರದೊಳಗೆ, ಮೊಣಕಾಲೂರಿ ಕುಳಿತವರು ಸದ್ಬರ್ಗ್. ಬಂದ ಕಲ್ಲನ್ನು ತೂಗಿ ನೋಡುತ್ತಾರೆ, ಕೆಲವನ್ನು ಕೂರಿಸುತ್ತಾರೆ, ಕೆಲವನ್ನು ಹೊರಗೆ ಎಸೆಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಮೂರು ಪಂಜರವಷ್ಟೇ ಮುಗಿದಿದೆ. ಸಾಲಿನಲ್ಲಿ ಗುಸುಗುಸು ಏಳುತ್ತದೆ.

"ನಸುಕಿಗೆ ನದಿ ಬರುತ್ತೆ, ಇವಳು ಸೇಬು ಆರಿಸೋ ಹಾಗೆ ಆರಿಸ್ತಿದ್ದಾಳೆ!" ಒಬ್ಬ ರೇಗುತ್ತಾನೆ. "ಸಿಕ್ಕಿದ್ದು ಹಾಕಮ್ಮ, ಸಾಕು!"

ಸದ್ಬರ್ಗ್ ತಲೆ ಎತ್ತುವುದಿಲ್ಲ. ಉತ್ತರ ಕೊಡುವುದು ಸಾಲಿನ ನಡುವೆ ನಿಂತ ಬೋಬೋ. "ಸುಮ್ನೆ ಕಲ್ಲು ದಾಟ್ಸೋ, ಕತ್ತೆ. ಸಿಕ್ಕಿದ್ದು ಹಾಕಿದವನು ಇಲ್ಲೇ ನಿಂತಿದೀನಿ, ನೋಡು."

ಸ್ವಲ್ಪ ಹೊತ್ತಿನಲ್ಲಿ ಬೋಬೋ ತಾವೇ ಒಂದು ಕಲ್ಲನ್ನು ಎದೆಗವಚಿಕೊಂಡು ಪಂಜರದವರೆಗೆ ನಡೆದು ಬಂದರು. ಸದ್ಬರ್ಗ್ ಅದನ್ನು ಕೈಗೆ ತೆಗೆದುಕೊಂಡರು, ತಿರುಗಿಸಿದರು, ಹಿಂದಕ್ಕೆ ಕೊಟ್ಟರು.

"ಇದು ಬೇಡ ಬೋಬೋ. ಚಿಕ್ಕದು."

ಮುದುಕ ಆ ಕಲ್ಲನ್ನು ನೆಲಕ್ಕಿಟ್ಟು, ಸೊಂಟ ಹಿಡಿದುಕೊಂಡು ರಾಶಿಯ ಕಡೆಗೆ ನಡೆದರು. ಇನ್ನೊಂದನ್ನು ತಂದರು.

"ಇದು?"

"ಇದು ಆಗುತ್ತೆ."

ಎಂಟನೆಯ ಪಂಜರದ ಮುಚ್ಚಳ ಹೊಲಿದಾಗ ಬೆಟ್ಟದ ಮೇಲೆ ಇನ್ನೂ ಬಿಸಿಲಿತ್ತು.

ಮರುದಿನ ನಸುಕಿಗೆ ನೀರು ಹಿಂದಿನ ದಿನಕ್ಕಿಂತ ಒಂದು ಗೇಣು ಹೆಚ್ಚೇ ಬಂತು. ನಡುವಿನ ಪಂಜರ ಮಂಡಿಯೂರಿ, ಬಾಯಿ ಬಿಟ್ಟು, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ನದಿಗೆ ಒಪ್ಪಿಸಿತು. ನುಗ್ಗಿದ ನೀರು ಹಿಂದಿನ ಎಂಟರ ಎದೆಗೆ ಬಡಿದು, ನೊರೆ ಕಾರಿ, ಮರಳಿತು. ಕೆಳಬೀದಿಯಲ್ಲಿ ಅಂಗಳಗಳು ಒದ್ದೆಯಾದವು, ಅಷ್ಟೆ. ಅಕ್ಕಪಕ್ಕದ ಇನ್ನೆರಡು ಪಂಜರ ಅದೇ ಸಲಿಕೆಯ ಹರಳು ತುಂಬಿಕೊಂಡೂ ನಿಂತಿದ್ದವು. ಯಾಕೆ ನಿಂತವು ಎಂದರೆ ಸದ್ಬರ್ಗ್ ಭುಜ ಕುಣಿಸುತ್ತಾರೆ. "ನನಗೂ ತಿಳೀದು. ಬೋಬೋನ ಪ್ರಾರ್ಥನೆ ಇರಬಹುದು. ಮುಂದಿನ ಸಲಕ್ಕೆ ಅದನ್ನೇ ನಂಬಿ ಕೂರಬಾರದು."

ತಂದೂರಿನ ಬಳಿ ಚುಚ್ಚಿ ಮಾತಾಡಿದ್ದ ಹೆಂಗಸು ಸದ್ಬರ್ಗ್ ಜೊತೆ ಇನ್ನೂ ಮಾತಾಡಿಲ್ಲ. ಉಳಿದವರು ಮಾತಾಡುತ್ತಾರೆ. ಉಳಿದಿರುವ ಮುನ್ನೂರ ಎಪ್ಪತ್ತು ಮೀಟರ್ ಗೋಡೆಯನ್ನು ಬರುವ ವಸಂತದೊಳಗೆ ಮುಗಿಸಬೇಕೆಂದು ಹಿಕ್ಮತ್ ಓಡಾಡುತ್ತಿದ್ದಾನೆ. ಅದಕ್ಕೂ ಹಶರ್ ಬೇಕಾಗುತ್ತದೆ.

ಉಪ್ಪು, ಬೆಣ್ಣೆ ಹಾಕಿದ ಹಾಲಿನ ಚಹಾಕ್ಕೆ ರೊಟ್ಟಿ ಮುರಿದು ಹಾಕಿಕೊಳ್ಳುತ್ತಾ ಗೋಡೆಯ ಮೇಲೆ ಕುಳಿತ ಸದ್ಬರ್ಗ್ ಅವರನ್ನು ನಿಮಗೇನು ಬೇಕು ಎಂದು ಕೇಳಿದರೆ, ಬಾಯಲ್ಲಿದ್ದದ್ದನ್ನು ನುಂಗುವವರೆಗೂ ಯೋಚಿಸುತ್ತಾರೆ.

"ಮನ್ನಣೆ ಗಿನ್ನಣೆ ಏನೂ ಬೇಡ. ಬೋಬೋ ಮುಂದಿನ ಹಶರ್ ಕರೆದಾಗ ರೀತಿ ಬಿಡೋದು ಬೇಡ, ಊರು ಅಂದ್ಮೇಲೆ ರೀತಿ ಇರಬೇಕು. ನಮ್ಮಲ್ಲಿ ನಾಲ್ಕು ಜನ ಕೊಪ್ಪರಿಗೆ ಹತ್ರ ಕೂರ್ತಾರೆ. ಒಬ್ಬಳು ಮಾತ್ರ ಕಲ್ಲಿನ ಹತ್ರ ನಿಂತ್ಕೊಳ್ಳಲಿ. ಏನೂ ಮುಟ್ಟಲ್ಲ. ಇದು ಬೇಡ, ಇದು ಆಗುತ್ತೆ, ಅಷ್ಟು ಹೇಳೋಕೆ ಬಿಟ್ರೆ ಸಾಕು."