ಐಸ್‌ಲ್ಯಾಂಡಿನಲ್ಲಿ ಎಣ್ಣೆ ಸ್ನಾನ

ಆಮ್ಸ್ಟರ್‌ಡ್ಯಾಮಿನ ನನ್ನ ಮನೆಯಲ್ಲಿ ಶವರ್ ಬಿಟ್ಟರೆ ಬೇರೆ ಗತಿಯಿಲ್ಲ. ಈ ಸಲ ದೀಪಾವಳಿಗೆ ಐಸ್‌ಲ್ಯಾಂಡಿಗೆ ಹೋಗಿದ್ದರಿಂದ, ನರಕ ಚತುರ್ದಶಿಯ ಎಣ್ಣೆ ಸ್ನಾನವನ್ನು ಅಲ್ಲಿನ ಬಿಸಿನೀರಿನ ಬುಗ್ಗೆಯಲ್ಲೇ ಮಾಡೋಣವೆಂದುಕೊಂಡೆ. ಜ್ವಾಲಾಮುಖಿಯೇ ಹಂಡೆ ಕಾಯಿಸಿಕೊಡುವಾಗ ಬಿಡುವುದುಂಟೇ? ಗಟ್ಟಿಯಾಗಿದ್ದ ಕೊಬ್ಬರಿ ಎಣ್ಣೆಯನ್ನು ಅಂಗೈಯಲ್ಲಿ ಕರಗಿಸಿ ನೆತ್ತಿಗೆ ತಟ್ಟಿಕೊಂಡೆ. ನೀರಿಗಿಳಿಯುವ ಮುಂಚೆ ಸೋಪು ಹಚ್ಚಿ ಸ್ನಾನ ಮಾಡಬೇಕೆಂಬ ಫಲಕ ಅಲ್ಲಿತ್ತು. ಮೈ ತೊಳೆದೆ, ತಲೆ ತೊಳೆಯಲಿಲ್ಲ.

ಕಪ್ಪು ಬಂಡೆಗಳ ನಡುವಿನ ಕೊಳದಲ್ಲಿ ಹಾಯೆನಿಸಿ ಒಮ್ಮೆ ತಲೆಯನ್ನೂ ಮುಳುಗಿಸಿದೆ. ಎದ್ದು ನೋಡಿದರೆ ನೀರಿನ ಮೇಲೆ ಎಣ್ಣೆ ಬಣ್ಣಬಣ್ಣವಾಗಿ ಹರಡುತ್ತಿತ್ತು. ಪಕ್ಕದಲ್ಲಿದ್ದ ಹೆಂಗಸು ಅದನ್ನು ಕಂಡು ಮಗಳನ್ನು ಡಚ್ಚಿನಲ್ಲಿ ಗದರಿದಳು.

"ಅಷ್ಟೊಂದು ಕ್ರೀಮ್ ಬಳ್ಕೋಬೇಡ ಅಂತ ಹೇಳಿರ್ಲಿಲ್ವಾ?"

ಪುಟ್ಟ ಹುಡುಗಿ ಅಳುತ್ತ ಎದ್ದುಹೋದಳು. ನಾನು ಭಾಷೆ ಬಾರದವಳಂತೆ ಬೆಟ್ಟ ನೋಡುತ್ತ ಕೂತೆ.

ಅದೇ ಸಂಜೆ ವಾಪಸ್ ಹೊರಟಾಗ, ವಿಮಾನದಲ್ಲಿ ಅಮ್ಮ ಮಗಳಿಬ್ಬರೂ ನನ್ನ ಪಕ್ಕದ ಸೀಟುಗಳಲ್ಲೇ ಬಂದು ಕೂತರು. ಹುಡುಗಿ ನನ್ನ ಜಡೆಯತ್ತ ಮೂಗು ಚಾಚಿದಳು.

"ನಿಮ್ ಕೂದ್ಲು ಎಷ್ಟು ಘಮ್ ಅಂತಿದೆ!"

ಅಭ್ಯಾಸಬಲ, ಡಚ್ಚಿನಲ್ಲೇ ಥ್ಯಾಂಕ್ಸ್ ಹೇಳಿಬಿಟ್ಟೆ. ಅವಳ ಅಮ್ಮ ನಿಧಾನವಾಗಿ ತಿರುಗಿ ನನ್ನ ನೆತ್ತಿಯನ್ನು ನೋಡಿದಳು.

ವಿಮಾನ ಇನ್ನೂ ಹೊರಟೇ ಇರಲಿಲ್ಲ.